ಗಟಾರದ ತಪ್ಪಿಗೆ ಹಂದಿಗೆ ಶಿಕ್ಷೆ

ಮಳೆಗಾಲ ಶುರುವಾದರೆ ಸಾಕು, ನಮ್ಮ ಕಲಬುರಗಿ ಕಡೆಯ ಪುರಸಭೆ, ನಗರಸಭೆಗಳ ಟೇಬಲ್ಲಿಗೆ ಒಂದು ಮನವಿಪತ್ರ ಬಂದು ಬೀಳುತ್ತದೆ. ಊರು ಸೇಡಂ ಇರಲಿ, ಚಿತ್ತಾಪುರ ಇರಲಿ, ವಾಡಿ, ಶಹಾಬಾದ್, ಚಿಂಚೋಳಿ ಯಾವುದೇ ಇರಲಿ, ಒಕ್ಕಣೆ ಒಂದೇ: ಹಂದಿಗಳ ಹಾವಳಿ ಹೆಚ್ಚಾಗಿದೆ, ಅವನ್ನು ಊರ ಹೊರಗೆ ಸಾಗಿಸಬೇಕು, ಸಾಕಿದವರ ಮೇಲೆ ಕ್ರಮ ಜರುಗಿಸಬೇಕು. ಸಹಿ ಹಾಕಿದವರಲ್ಲಿ ನನ್ನ ಸ್ನೇಹಿತರಿದ್ದಾರೆ, ನನಗೆ ಪಾಠ ಹೇಳಿದ ಗುರುಗಳೂ ಇದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಮಗುವಿನ ಕೈಯಲ್ಲಿದ್ದ ಬಿಸ್ಕೀಟಿಗೆ ಹಂದಿ ಬಾಯಿ ಹಾಕಿದರೆ ಯಾವ ತಾಯಿಯ ಎದೆಯೂ ಝಲ್ಲೆನ್ನುತ್ತದೆ. ಆದರೆ ಆ ಸಿಟ್ಟಿಗೆ ಅವರು ಕೊಡುವ ಕಾರಣಗಳಲ್ಲಿ ಬಹುಪಾಲು ನಿಲ್ಲುವಂಥವಲ್ಲ. ಅವು ನಿಲ್ಲದಿದ್ದರೂ ಅವುಗಳ ಮೇಲೆ ಬಡವರ ಜೋಪಡಿಗಳು ಎತ್ತಂಗಡಿಯಾಗುತ್ತವೆ. ಅದಕ್ಕೇ ಈ ಉತ್ತರ.

ಮೊದಲು, ಸಭೆಗಳಲ್ಲಿ ಬಹಳ ಗಟ್ಟಿಯಾಗಿ ಕೇಳಿಬರುವ ಮಾತನ್ನೇ ತೆಗೆದುಕೊಳ್ಳೋಣ. "ಹಂದಿ ಅಂದ್ರ ನಮ್ಮ ಸಂಸ್ಕೃತಿಗೆ ಹೊರಗಿಂದ್ರಿ, ಅದಕ್ಕ ಊರಾಗ ಎಲ್ಲೀ ಜಾಗಾ?"

ಈ ಮಾತು ಬೇರೆ ಯಾವ ಊರಿನಲ್ಲಿ ಕೇಳಿದ್ದರೂ ಇಷ್ಟು ಬೇಸರವಾಗುತ್ತಿರಲಿಲ್ಲ. ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಿ ಕಾಗಿಣಾ ನದಿಯ ದಂಡೆಯಲ್ಲಿ ಆ ಹಾಳು ಕೋಟೆಯನ್ನು ನೋಡಿ. ಅದು ರಾಷ್ಟ್ರಕೂಟರ ಮಾನ್ಯಖೇಟ. 973ರಲ್ಲಿ ಚಾಲುಕ್ಯ ಎರಡನೇ ತೈಲಪ ರಾಷ್ಟ್ರಕೂಟರ ಕೊನೆಯ ಅರಸರಲ್ಲಿ ಒಬ್ಬನಾದ ಎರಡನೇ ಕರ್ಕನನ್ನು ಸೋಲಿಸಿದ. ರಾಜಧಾನಿ ಕಲ್ಯಾಣಕ್ಕೆ ಹೋಗುವ ತನಕ ಚಾಲುಕ್ಯರು ಆಳಿದ್ದು ಇದೇ ಮಳಖೇಡದಿಂದ. ಅವರ ಲಾಂಛನ ಯಾವುದು? ವರಾಹ. ಬಾದಾಮಿ ಚಾಲುಕ್ಯರ ತಾಮ್ರಪಟಗಳು ವರಾಹಸ್ತುತಿಯಿಂದಲೇ ಆರಂಭವಾಗುತ್ತವೆ. 578ರ ಬಾದಾಮಿಯ ಮೂರನೇ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹನ ದೊಡ್ಡ ಶಿಲ್ಪವಿದೆ. ಕಲ್ಯಾಣದ ಚಾಲುಕ್ಯರು ಅದೇ ಲಾಂಛನವನ್ನು ಮುಂದುವರಿಸಿದರು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರ ನಡೆದದ್ದು, ಅದರ ಗ್ರಂಥಭಂಡಾರಕ್ಕೆ ಆರು ಜನ ಸರಸ್ವತಿ ಭಂಡಾರಿಗಳನ್ನು ನೇಮಿಸಿದ್ದು ಇದೇ ವರಾಹ ಲಾಂಛನದವರ ಆಳ್ವಿಕೆಯಲ್ಲಿ. ನಾಗಾವಿಯ ಹೆಸರು ಹೇಳಿ ಎದೆಯುಬ್ಬಿಸುವವರು ಆ ರಾಜ್ಯದ ಮುದ್ರೆಯಲ್ಲಿ ಯಾವ ಪ್ರಾಣಿ ಇತ್ತು ಎಂಬುದನ್ನೂ ನೆನೆಯಬೇಕು. ನಮ್ಮ ಹಿರಿಯರು ಎಣಿಸುತ್ತಿದ್ದ ಚಿನ್ನದ ನಾಣ್ಯಕ್ಕೂ ವರಹ ಎಂದೇ ಹೆಸರು.

ಹಂದಿಯನ್ನು ಲಾಂಛನ ಮಾಡಿಕೊಂಡವರ ವೈರಿಗಳಿಗೂ ಅದರ ಬಗ್ಗೆ ತಾತ್ಸಾರ ಇರಲಿಲ್ಲ. ರಾಷ್ಟ್ರಕೂಟ ಒಂದನೇ ಕೃಷ್ಣ ಯುದ್ಧದ ತುರಿಕೆ ಹತ್ತಿದ್ದ ಮಹಾವರಾಹವನ್ನು ಜಿಂಕೆಯನ್ನಾಗಿ ಮಾಡಿದ ಎಂದು ಆ ವಂಶದ ಶಾಸನ ಹೊಗಳುತ್ತದೆ. ಸೋತವನು ವರಾಹನಾದರೇನೇ ಗೆದ್ದವನಿಗೆ ಕೀರ್ತಿ. ಇನ್ನೊಂದು ಕಲ್ಲನ್ನು ಹೇಳಲೇಬೇಕು. ಮಳಖೇಡದಿಂದ ಆಳುತ್ತಿದ್ದ ಮೂರನೇ ಕೃಷ್ಣನ ಕಾಲದಲ್ಲಿ, 949ರ ಸುಮಾರಿಗೆ, ಮಂಡ್ಯ ಸೀಮೆಯ ಆತಕೂರಿನಲ್ಲಿ ನಿಲ್ಲಿಸಿದ ಶಿಲೆ ಅದು. ಗಂಗ ಬೂತುಗ ತನ್ನ ಯೋಧನಿಗೆ ಕೊಟ್ಟಿದ್ದ ಬೇಟೆನಾಯಿ ಕಾಳಿ ಒಂದು ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಪೂಜೆಗೆ ಕಟ್ಟುಪಾಡು ಮಾಡಿದರು. ಕಲ್ಲಿನ ಮೇಲೆ ನಾಯಿ ಒಂದೇ ಇಲ್ಲ. ಎದುರಿಗೆ ಹಂದಿಯೂ ಇದೆ, ನಾಯಿಗೆ ಸರಿಸಮನಾಗಿ ಕೊರೆದ ಹಂದಿ.

"ಅದು ದೇವರ ವರಾಹ, ಕಾಡಿನ ಹಂದಿ. ಇದು ಗಟಾರದ್ದು" ಎನ್ನುವವರಿದ್ದಾರೆ. ಎರಡೂ ಒಂದೇ ಜಾತಿಯ ಪ್ರಾಣಿ. ಸುಮಾರು 9,000 ವರ್ಷಗಳ ಹಿಂದೆ ಈಗಿನ ತುರ್ಕಿಯ ಕಡೆ ಒಂದು ಸಲ, ಚೀನಾದಲ್ಲಿ ಬೇರೆಯಾಗಿ ಇನ್ನೊಂದು ಸಲ, ಮನುಷ್ಯ ಕಾಡುಹಂದಿಯನ್ನು ಊರಿಗೆ ತಂದು ಸಾಕಿದ. ಮೂತಿಯಿಂದ ಮಣ್ಣು ಕೆದಕಿ ಗೆಡ್ಡೆ ಎತ್ತುವುದು ಎರಡರದೂ ಹುಟ್ಟುಗುಣ. ಭೂಮಿಯನ್ನು ಕೆಸರಿನಿಂದ ಮೇಲೆತ್ತಲು ಪುರಾಣಕ್ಕೆ ಬೇಕಾದದ್ದೂ ಆ ಮೂತಿಯೇ, ಸಿಂಹದ ಉಗುರಲ್ಲ. ಇವತ್ತಿಗೂ ತುಳುನಾಡಿನಲ್ಲಿ ಪಂಜುರ್ಲಿ ಭೂತಕ್ಕೆ ಕೋಲ ಕೊಡುತ್ತಾರೆ. ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಪಂದಿಕರಿ ಇಲ್ಲದಿದ್ದರೆ ಹಬ್ಬವೇ ಅಲ್ಲ. ಅವರೂ ಕನ್ನಡ ನಾಡಿನವರೇ. ಕಲಬುರಗಿ ಜಿಲ್ಲೆಯ ಊಟದ ತಟ್ಟೆಯೊಂದೇ ಕರ್ನಾಟಕದ ಸಂಸ್ಕೃತಿಗೆ ಅಳತೆಗೋಲಾಗಲಾರದು.

ಎರಡನೆಯ ದೂರು: ಹಂದಿ ಹೊಲಸು ಪ್ರಾಣಿ, ಕೆಸರಲ್ಲಿ ಹೊರಳುತ್ತದೆ, ಹೇಲು ತಿನ್ನುತ್ತದೆ. ಹಂದಿ ಸಂಗ ಮಾಡಿದ ಕರುವಿನ ಗಾದೆಯನ್ನು ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ.

ಹಂದಿಗೆ ಮನುಷ್ಯನಂತೆ ಬೆವರಿ ಮೈ ತಣ್ಣಗಾಗಿಸಿಕೊಳ್ಳಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶಹಾಬಾದಿನ ಕಲ್ಲು ಖಣಿಗಳ ಬಿಸಿಲು ಹೇಗಿರುತ್ತದೆಂದು ನಾನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆವರದ ಪ್ರಾಣಿ ಆ ಬಿಸಿಲಲ್ಲಿ ಬದುಕಬೇಕಾದರೆ ಮೈಗೆ ಒದ್ದೆ ಬೇಕು. ಕೆರೆ ಇದ್ದರೆ ಕೆರೆಗೆ ಹೋಗುತ್ತದೆ, ಹಸಿ ಮಣ್ಣಿದ್ದರೆ ಮಣ್ಣಿಗೆ. ನಾವು ಅದಕ್ಕೆ ಉಳಿಸಿರುವುದು ತೆರೆದ ಗಟಾರ ಮಾತ್ರ, ಅದು ಅಲ್ಲಿಗೆ ಹೋಗುತ್ತದೆ. ಜಾಗ ಕೊಟ್ಟು ಕಟ್ಟಿ ಸಾಕಿದ ಹಂದಿ ತಿನ್ನುವುದು ಒಂದು ಮೂಲೆಯಲ್ಲಿ, ಮಲಗುವುದು ಇನ್ನೊಂದು ಮೂಲೆಯಲ್ಲಿ, ಲದ್ದಿ ಹಾಕುವುದು ಎರಡರಿಂದಲೂ ದೂರ. ಸಾಕಿದ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಇನ್ನು ಹೇಲಿನ ಮಾತು. ಅದು ಎಲ್ಲಿಂದ ಬಂತು? ಹಂದಿಯ ಬಾಯಿಗೆ ಸಿಗುವ ಜಾಗದಲ್ಲಿ ಅದು ಯಾಕೆ ಬಿದ್ದಿದೆ? 2014ರಿಂದ ಸ್ವಚ್ಛ ಭಾರತದ ಬೋರ್ಡು ಗೋಡೆಗೋಡೆಗೂ ಇದೆ. ಆದರೂ ರೈಲು ಹಳಿಯ ಪಕ್ಕಕ್ಕೆ, ಖಣಿಯ ಅಂಚಿಗೆ ನಸುಕಿನಲ್ಲಿ ಚೆಂಬು ಹಿಡಿದು ಹೋಗುವವರಿದ್ದಾರೆ. ಶೌಚಾಲಯ ಕಟ್ಟಿಸಿಕೊಂಡು, ಅದರ ಪೈಪನ್ನು ನೇರವಾಗಿ ಗಟಾರಕ್ಕೆ ಬಿಟ್ಟ ಮನೆಗಳಿವೆ. ಅದನ್ನು ಬಿಟ್ಟು ಹಂದಿಯ ಬಾಯಿಯನ್ನು ದೂರುವುದು ಯಾವ ನ್ಯಾಯ?

"ಹಂದಿ ಹಡದಂಗ ಹಡೀತಾರ" ಎಂಬ ಬೈಗುಳದ ಬಗ್ಗೆಯೂ ಒಂದು ಮಾತು. ಬಡ ಹೆಂಗಸರ ಮೇಲೆ, ಅದರಲ್ಲೂ ಜೋಪಡಿಯ ಹೆಂಗಸರ ಮೇಲೆ ಎಸೆಯುವ ಮಾತಿದು. ಹಂದಿ ಹಡೆಯುವುದನ್ನು ಹತ್ತಿರದಿಂದ ನೋಡಿದವರು ಹೀಗೆ ಬೈಯಲಾರರು. 114 ದಿನ ಹೊತ್ತ ಹೆಣ್ಣು ಹಂದಿ ಹಡೆಯುವ ಹಿಂದಿನ ದಿನ ಒಂದು ಕಡೆ ನಿಲ್ಲುವುದಿಲ್ಲ. ಜೋಳದ ಕಣಕಿ, ಒಣ ಹುಲ್ಲು, ಹರಕು ಗೋಣಿಚೀಲ, ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಕಚ್ಚಿ ತಂದು, ಮೂತಿಯಿಂದ ಒತ್ತಿ ಒತ್ತಿ ಹಾಸಿಗೆ ಕಟ್ಟುತ್ತದೆ. ಮರಿಗಳು ಹುಟ್ಟಿ ಒಂದೆರಡು ದಿನದಲ್ಲಿ ಒಂದೊಂದು ಮರಿಯೂ ತನ್ನದೇ ಒಂದು ಮೊಲೆ ಗೊತ್ತುಮಾಡಿಕೊಳ್ಳುತ್ತದೆ. ಆಮೇಲೆ ಹಾಲು ಬಿಡುವ ತನಕ ಅದೇ ಮೊಲೆಗೆ ಬರುತ್ತದೆ, ಬೇರೆಯದಕ್ಕೆ ಬಾಯಿ ಹಾಕಹೋದರೆ ಪಕ್ಕದ ಮರಿ ಕಚ್ಚುತ್ತದೆ. ತಾಯಿ ಗುಟುರು ಹಾಕಿ ಕರೆಯುತ್ತದೆ, ಅಷ್ಟೂ ಮರಿಗಳು ಎಚ್ಚರಾಗಿ ತಮ್ಮ ತಮ್ಮ ಜಾಗಕ್ಕೆ ಓಡಿ ಬರುತ್ತವೆ. ಇದರಲ್ಲಿ ಹೇಸಿಗೆ ಪಡುವಂಥದ್ದು ನನಗೆ ಏನೂ ಕಾಣಲಿಲ್ಲ.

ರೋಗದ ಮಾತಿಗೆ ಬರುತ್ತೇನೆ. ಇಲ್ಲಿ ಎದುರಾಳಿಗಳ ಮಾತಿಗೆ ತೂಕವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಮೊದಲು ಸುಳ್ಳನ್ನು ಬೇರ್ಪಡಿಸೋಣ. 2009ರಲ್ಲಿ ಹಬ್ಬಿದ ಎಚ್1ಎನ್1ಗೆ ಪತ್ರಿಕೆಗಳು ಹಂದಿಜ್ವರ ಎಂದು ಹೆಸರಿಟ್ಟವು, ಆ ಹೆಸರು ಅಂಟಿಕೊಂಡಿತು. ಆ ಜ್ವರ ನಮ್ಮ ಊರುಗಳಿಗೆ ಬಂದದ್ದು ಕೆಮ್ಮುವ ಮನುಷ್ಯರಿಂದ, ಬಸ್ಸಿನಲ್ಲಿ, ರೈಲಿನಲ್ಲಿ. ಓಣಿಯ ಹಂದಿ ಅದನ್ನು ಹಂಚಲಿಲ್ಲ. 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಹಂದಿಗಳನ್ನು ಸಾಲುಸಾಲಾಗಿ ಕೊಂದಿತು, ಆದರೆ ಮನುಷ್ಯನಿಗೆ ಅದು ತಗುಲುವುದೇ ಇಲ್ಲ.

ನಿಜವಾದ ಭಯ ಎರಡು. ಒಂದು ಮೆದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್. ಅದರ ವೈರಸ್ಸು ನೀರುಹಕ್ಕಿಗಳಲ್ಲಿ ಇರುತ್ತದೆ, ಹಂದಿಯ ಮೈಯಲ್ಲಿ ಬಹಳ ಬೇಗ ಹೆಚ್ಚುತ್ತದೆ, ಸೊಳ್ಳೆ ಅದನ್ನು ಮಕ್ಕಳಿಗೆ ಮುಟ್ಟಿಸುತ್ತದೆ. ಹಂದಿ ಮನೆಗೆ ಹತ್ತಿರ ಇದ್ದಷ್ಟೂ ಅಪಾಯ ಹೆಚ್ಚು, ಇದು ಖರೆ. ಇದಕ್ಕೆ ಮದ್ದು ಲಸಿಕೆ, ಸೊಳ್ಳೆ ನಿಯಂತ್ರಣ, ಹಂದಿಗೂಡು ವಸತಿಯಿಂದ ದೂರ ಇರುವುದು. 2022ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಈ ಲಸಿಕೆ ಹಾಕಿಸಿದರು. ಅದು ಸರಿಯಾದ ದಾರಿ. ಇನ್ನೊಂದು ಲಾಡಿಹುಳು. ಇದರ ಕಥೆ ಜನ ತಿಳಿದದ್ದಕ್ಕೆ ಪೂರ್ತಿ ಉಲ್ಟಾ. ಬೆಳೆದ ಹುಳು ಇರುವುದು ಮನುಷ್ಯನ ಕರುಳಿನಲ್ಲಿ, ಹಂದಿಯಲ್ಲಲ್ಲ. ಮನುಷ್ಯ ಬಯಲಿಗೆ ಹೋದಾಗ ಅದರ ಮೊಟ್ಟೆಗಳು ಮಣ್ಣಿಗೆ ಬೀಳುತ್ತವೆ, ಹಂದಿ ಅವನ್ನು ತಿಂದು ರೋಗ ಹತ್ತಿಸಿಕೊಳ್ಳುತ್ತದೆ. ಅದೇ ಮೊಟ್ಟೆಗಳು ಗಟಾರದ ನೀರು ಹಾಯಿಸಿದ ಕೊತ್ತಂಬರಿ, ಮೆಂತ್ಯೆ ಪಲ್ಯದ ಮೂಲಕ ನೇರವಾಗಿ ಮನುಷ್ಯನ ಹೊಟ್ಟೆಗೆ ಹೋದರೆ ಮೆದುಳಿನಲ್ಲಿ ಗಂಟಾಗಿ ಫಿಟ್ಸ್ ಬರುತ್ತದೆ. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಊರಿನ ಎಲ್ಲ ಹಂದಿಗಳನ್ನು ನಾಳೆಯೇ ಲಾರಿಗೆ ತುಂಬಿ ಕಳಿಸಿದರೂ ಒಬ್ಬ ರೋಗಿಯ ಬಯಲು ಶೌಚ ನಿಲ್ಲದಿದ್ದರೆ ಆ ಮೊಟ್ಟೆಗಳು ಇಲ್ಲೇ ಇರುತ್ತವೆ.

ಅದೇ ಉಸಿರಿನಲ್ಲಿ ಇನ್ನೊಂದನ್ನೂ ನೆನೆಯಬೇಕು. ಹೃದಯದ ಆಪರೇಶನ್ ಇರಲಿ, ಡಯಾಲಿಸಿಸ್ ಇರಲಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧ ತಯಾರಾಗುವುದು ಬಹುಮಟ್ಟಿಗೆ ಹಂದಿಯ ಕರುಳಿನ ಒಳಪೊರೆಯಿಂದ. 1980ರ ದಶಕದಲ್ಲಿ ಪ್ರಯೋಗಾಲಯದ ಇನ್ಸುಲಿನ್ ಬರುವ ತನಕ ಸಕ್ಕರೆ ಕಾಯಿಲೆಯವರನ್ನು ದಶಕಗಟ್ಟಲೆ ಬದುಕಿಸಿದ್ದು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿ. ಕೆಟ್ಟ ಹೃದಯದ ಕವಾಟಕ್ಕೆ ಬದಲಾಗಿ ಹಂದಿಯ ಕವಾಟ ಹೊತ್ತು ಓಡಾಡುವವರಿದ್ದಾರೆ.

ಧರ್ಮದ ಭಾವನೆಗೆ ಧಕ್ಕೆ ಎಂಬ ವಾದಕ್ಕೆ ನನ್ನ ಉತ್ತರ ಚಿಕ್ಕದು. ಮುಸಲ್ಮಾನರಿಗೆ ಹಂದಿ ನಿಷಿದ್ಧ. ಲಿಂಗಾಯತರು, ಬ್ರಾಹ್ಮಣರು, ಜೈನರು ಮಾಂಸವನ್ನೇ ಮುಟ್ಟುವುದಿಲ್ಲ. ಮಸೀದಿಯ ಅಂಗಳಕ್ಕೆ, ಗುಡಿಯ ಕಟ್ಟೆಗೆ, ಯಾರದೇ ಪಡಸಾಲೆಗೆ ಹಂದಿ ಬರಬಾರದು ಎಂದು ಕೇಳುವುದು ಅವರ ಹಕ್ಕು, ಅದನ್ನು ನಡೆಸಿಕೊಡಬೇಕು. ತಾನು ತಿನ್ನಬಾರದು ಎಂಬ ನಿಯಮವನ್ನು ನಾನು ಗೌರವಿಸುತ್ತೇನೆ. ಪಕ್ಕದವನು ಸಾಕಬಾರದು ಎಂಬುದು ಬೇರೆಯೇ ಮಾತು. ಎರಡು ಸಮುದಾಯಗಳ ನಡುವೆ ಕಿಚ್ಚು ಹಚ್ಚಲು ಹಂದಿಯ ಮಾಂಸ ಎಸೆಯುವ ದುಷ್ಟರು ದೇಶದ ಅಲ್ಲಲ್ಲಿ ಇದ್ದಾರೆ. ಅವರು ಮಾಡಿದ್ದಕ್ಕೆ ಹಂದಿ ಸಾಕಿ ಹೊಟ್ಟೆ ಹೊರೆಯುವವರು ದಂಡ ತೆರಬಾರದು.

ಈಗ ಯಾರೂ ಕಾಗದದ ಮೇಲೆ ಬರೆಯದ, ಆದರೆ ಎಲ್ಲರ ಬಾಯಲ್ಲೂ ಇರುವ ಮಾತು: "ಹಂದಿ ಸಾಕೋರು ಬ್ಯಾರೆ ಕೆಲಸಾ ನೋಡ್ಕೋಬೇಕ್ರಿ, ಕಾಲ ಬದಲಾಗ್ಯದ."

ಅವರು ಯಾರೆಂದು ಮೊದಲು ಹೇಳುತ್ತೇನೆ. ಕೊರಮ, ಕೊರವ, ಕೊರಚ ಎಂದು ಸರ್ಕಾರಿ ಪಟ್ಟಿಯಲ್ಲಿ ಬರುವವರು. ಇನ್ನು ಕೆಲವರು ಹಂದಿಜೋಗಿಗಳು, ಮನೆಯಲ್ಲಿ ತೆಲುಗು ಆಡುವ ಅಲೆಮಾರಿಗಳು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೇ ಅವರ ಹೆಸರಿನೊಳಗೆ ಹಂದಿ ಇದೆ. ಕೊರವರು ಹಂದಿಯೊಂದನ್ನೇ ನಂಬಿದವರಲ್ಲ. ಈಚಲ ಗರಿಯ ಬಾರಿಗೆ, ಬಿದಿರಿನ ಬುಟ್ಟಿ, ಹಗ್ಗ, ನೇಕಾರರು ಹಾಸುನೂಲಿಗೆ ಗಂಜಿ ಬಳಿಯುವ ಕುಂಚ, ಮದುವೆಗೆ ಸನಾದಿ, ಇವೆಲ್ಲ ಅವರ ಕೈಯವು. ಹಗ್ಗ ಹೊಸೆಯುತ್ತಲೇ ಶರಣನಾದ ಹನ್ನೆರಡನೇ ಶತಮಾನದ ನುಲಿಯ ಚಂದಯ್ಯನನ್ನು ಅವರು ತಮ್ಮವನೆಂದು ಪೂಜಿಸುತ್ತಾರೆ, ಸರ್ಕಾರವೂ ಅವನ ಜಯಂತಿ ಮಾಡುತ್ತದೆ. ಜಯಂತಿಯ ದಿನ ಅದೇ ಚಂದಯ್ಯನ ಫೋಟೋಕ್ಕೆ ಹೂವಿನ ಹಾರ. ಮರುದಿನ ಅವನ ಮಂದಿಯ ಜೋಪಡಿಗೆ ನೋಟಿಸು.

ಕಾಲ ಬದಲಾದದ್ದು ಅವರಿಗೆ ನಮಗಿಂತ ಮೊದಲೇ ತಿಳಿದಿದೆ. ಪ್ಲಾಸ್ಟಿಕ್ ಬುಟ್ಟಿ ಬಂತು, ಬಿದಿರು ಹೋಯಿತು. ಕಾರ್ಖಾನೆಯ ಕಸಬರಿಗೆ ಬಂತು, ಈಚಲು ಹೋಯಿತು. ಡಿಜೆ ಬಂತು, ಸನಾದಿಯನ್ನು ಗೋಡೆಗೆ ತೂಗು ಹಾಕಿದರು. ಎಲ್ಲವೂ ಹೋದಮೇಲೆ ಉಳಿದದ್ದು ಹಂದಿ ಒಂದೇ, ಏಕೆಂದರೆ ಅದಕ್ಕೆ ಭೂಮಿ ಬೇಡ, ಬಂಡವಾಳ ಬೇಡ. ಮಗಳ ಮದುವೆಗೆ, ಆಸ್ಪತ್ರೆಯ ಬಿಲ್ಲಿಗೆ, ಮಗನ ಕಾಲೇಜಿನ ಫೀಗೆ ಎರಡು ಹಂದಿ ಮಾರುತ್ತಾರೆ. ಬ್ಯಾಂಕಿನ ಬಾಗಿಲು ತೆರೆಯದವರಿಗೆ ಅದೇ ಉಳಿತಾಯ ಖಾತೆ.

ಪತ್ರಿಕೆಗಳು ಇವನ್ನು ಬಿಡಾಡಿ ಹಂದಿಗಳು ಎಂದು ಬರೆಯುತ್ತವೆ. ಅದೂ ತಪ್ಪು. ಸಂಜೆ ಹೊತ್ತು ಯಾವುದಾದರೂ ಜೋಪಡಿಯ ಮುಂದೆ ನಿಂತು ನೋಡಿ. ಹೋಟೆಲುಗಳಿಂದ ತಂದ ಮುಸುರಿಯನ್ನು ಅಲ್ಯುಮಿನಿಯಂ ಗುಂಡಿಯಲ್ಲಿ ಕುದಿಸಿ, ಜೋಳದ ನುಚ್ಚು ಬೆರೆಸಿ, ಕಲ್ಲಿನ ದೋಣಿಗೆ ಸುರಿದು ಮುದುಕಿ ಒಂದು ಕೂಗು ಹಾಕುತ್ತಾಳೆ. ನಾಲ್ಕು ಓಣಿ ಆಚೆಯಿಂದ ಅವಳ ಹಂದಿಗಳಷ್ಟೇ ಓಡಿ ಬರುತ್ತವೆ, ಪಕ್ಕದವಳ ಹಂದಿ ತಲೆಯೆತ್ತಿ ಮತ್ತೆ ತಗ್ಗಿಸುತ್ತದೆ. ಒಂದೊಂದರ ಕಿವಿಯಲ್ಲೂ ಕತ್ತರಿಯ ಗುರುತಿದೆ: ಈ ಮನೆಗೆ ಬಲಗಿವಿಯ ತುದಿ, ಆ ಮನೆಗೆ ಎಡಗಿವಿಯಲ್ಲಿ ಕಚ್ಚು. ಒಡೆಯರಿಲ್ಲದ ಹಂದಿ ಊರಲ್ಲಿಲ್ಲ. ಹೊರಗಿನ ತಂಡ ಬಂದು ಬಲೆ ಹಾಕಿ, ಕಾಲು ಕಟ್ಟಿ, ವಾಹನಕ್ಕೆ ಒಗೆದು ಕೊಂಡೊಯ್ಯುವಾಗ ಹೋಗುವುದು ಯಾರೋ ಒಬ್ಬರ ವರ್ಷದ ಗಂಟು.

ಇವರ ಮೇಲಿನ ಗುಮಾನಿಗೂ ಹಳೆಯ ಬೇರಿದೆ. ಬ್ರಿಟಿಷರು 1871ರ ಕಾಯ್ದೆಯಿಂದ ಆರಂಭಿಸಿ ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿದರು, ಮುಂಬೈ, ಮದ್ರಾಸು ಪ್ರಾಂತ್ಯಗಳಲ್ಲಿ ಕೊರವರೂ ಅದರೊಳಗೆ ಬಿದ್ದರು. ಆ ಕಾಯ್ದೆ 1952ರಲ್ಲಿ ರದ್ದಾಯಿತು, ಕಣ್ಣೋಟ ರದ್ದಾಗಲಿಲ್ಲ. ಪಕ್ಕದ ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ 2013ರಲ್ಲಿ ಮಾಡಿದ 'ಫಂಡ್ರಿ' ಎಂಬ ಮರಾಠಿ ಸಿನಿಮಾ ನೋಡಿ. ಅಲ್ಲಿಯ ಕೈಕಾಡಿಗಳು ನಮ್ಮ ಕೊರವರ ಬಂಧುಗಳೇ. ಅದರಲ್ಲಿ ಊರಿನ ಹಂದಿ ಹಿಡಿಯಲು ಒಂದು ಬಡ ಕೈಕಾಡಿ ಕುಟುಂಬವನ್ನೇ ಕರೆಯುತ್ತಾರೆ. ಶಾಲೆಯ ಹುಡುಗ, ತನ್ನ ಸಹಪಾಠಿಗಳು ನಗುತ್ತ ನೋಡುತ್ತಿರುವಾಗ, ಅಪ್ಪನ ಜೊತೆ ಹಂದಿಯ ಹಿಂದೆ ಓಡಬೇಕು. ನಮ್ಮ ಊರುಗಳ ಶಾಲೆಗಳಲ್ಲೂ ಅಂಥ ಹುಡುಗರು ಕೂತಿದ್ದಾರೆ. ಸಭೆಯಲ್ಲಿ ನಾವಾಡುವ "ಹಂದಿ ಮಂದಿ" ಎಂಬ ಮಾತು ಅವರ ಕಿವಿಗೂ ಬೀಳುತ್ತದೆ.

ಚಿಂಚೋಳಿಯ ರೈತರ ದೂರು ಬೇರೆ. ಅಲ್ಲಿ ತೊಗರಿ, ಜೋಳ, ಶೇಂಗಾದ ಹೊಲಕ್ಕೆ ರಾತ್ರಿ ನುಗ್ಗುವುದು ವನ್ಯಜೀವಿಧಾಮದ ಕಾಡುಹಂದಿ. ಆ ನಷ್ಟ ದೊಡ್ಡದು, ಪರಿಹಾರ ಬೇಗ ಸಿಗಬೇಕು, ಕಾಡಂಚಿನ ಬೇಲಿಗೆ ಅರಣ್ಯ ಇಲಾಖೆ ಹಣ ಕೊಡಬೇಕು. ಆದರೆ ಅದು 1972ರ ವನ್ಯಜೀವಿ ಕಾಯ್ದೆಯ ವಿಷಯ. ಊರಹಂದಿಯನ್ನು ಅದರ ಜೊತೆ ಒಂದೇ ಅರ್ಜಿಗೆ ಸೇರಿಸಿದರೆ ರೈತನಿಗೂ ನ್ಯಾಯ ಸಿಗುವುದಿಲ್ಲ, ಸಾಕುವವನಿಗೂ ಸಿಗುವುದಿಲ್ಲ.

ಕಡೆಗೆ ಎದುರಾಳಿಗಳು ಕೇಳುತ್ತಾರೆ: "ಹಂಗಾದ್ರ ಹಂದೀನ ಮನಿ ಮುಂದ ಬಿಟ್ಕೊಂಡೇ ಇರಬೇಕೇನ್ರಿ?" ಇಲ್ಲ, ನಾನು ಹಾಗೆ ಹೇಳುತ್ತಿಲ್ಲ. ಹಂದಿ ಬೀದಿಯಲ್ಲಿರಬಾರದು, ಗೂಡಿನಲ್ಲಿರಬೇಕು. ಗೂಡು ಕಟ್ಟಲು ಜಾಗ ಬೇಕು, ಸಾಕುವವರ ಹತ್ತಿರ ಜಾಗವಿಲ್ಲ. ಸಮಸ್ಯೆಯ ಗಂಟು ಇರುವುದು ಇಲ್ಲೇ.

ಪ್ರತಿ ಪಟ್ಟಣದ ಅಂಚಿನಲ್ಲಿ, ವಸತಿಯಿಂದ ದೂರ, ಒಂದೆರಡು ಎಕರೆ ಸರ್ಕಾರಿ ಜಮೀನು ಗುರುತಿಸಿ ಈ ಕುಟುಂಬಗಳಿಗೆ ಗೂಡಿನ ಜಾಗ ಕೊಡಬೇಕು. ನೆಲಕ್ಕೂ ಗೋಡೆಗೂ ಶಹಾಬಾದಿನ ಫರ್ಸಿಗಿಂತ ಒಳ್ಳೆಯ ಕಲ್ಲು ಬೇಕೇ? ನೀರು ಸುರಿದರೆ ಹೊಲಸು ನಿಲ್ಲುವುದಿಲ್ಲ, ಮೂತಿಯಿಂದ ಕೆದಕಲಾಗುವುದಿಲ್ಲ, ಖಣಿಗಳಲ್ಲಿ ಒಡೆದ ಚೂರುಗಳೇ ರಾಶಿ ಬಿದ್ದಿವೆ. ಮಂಗಲ ಕಾರ್ಯಾಲಯ, ಹೋಟೆಲುಗಳ ಉಳಿದ ಅನ್ನವನ್ನು ಚೆನ್ನಾಗಿ ಕುದಿಸಿ ಹಾಕಿದರೆ ಕಸದ ಗಾಡಿಯ ಭಾರವೂ ಇಳಿಯುತ್ತದೆ. ಆಫ್ರಿಕನ್ ಅಲ್ಲದ, ಹಳೆಯ ಹಂದಿಜ್ವರಕ್ಕೆ ಲಸಿಕೆ ಇದೆ, ಪಶು ಆಸ್ಪತ್ರೆಯವರು ಗೂಡಿಗೆ ಬಂದು ಹಾಕಬೇಕು. ಮಾಂಸ ಮಾರಲು ನೀರು, ಬೆಳಕು ಇರುವ ಒಂದು ಕಟ್ಟೆ, ತಪಾಸಣೆ ಮಾಡಲು ಒಬ್ಬ ವೈದ್ಯರು, ಇಷ್ಟು ಇದ್ದರೆ ಲಾಡಿಹುಳುವಿನ ಭಯಕ್ಕೂ ಅರ್ಧ ಉತ್ತರ ಸಿಕ್ಕಂತೆ. ಉಳಿದ ಅರ್ಧ ನಮ್ಮ ಶೌಚಾಲಯಗಳ ಪೈಪಿನಲ್ಲಿದೆ.

ಹಣ ಎಲ್ಲಿಂದ ಎಂದು ಕೇಳಬೇಡಿ. ರಾಷ್ಟ್ರೀಯ ಜಾನುವಾರು ಮಿಷನ್ ಹಂದಿ ಸಾಕಣೆಗೆ ಶೇ 50 ಸಹಾಯಧನ ಕೊಡುತ್ತದೆ, 30 ಲಕ್ಷ ರೂಪಾಯಿ ತನಕ. ಆದರೆ ಅದು ಐವತ್ತು, ನೂರು ಹೆಣ್ಣು ಹಂದಿಗಳ ಘಟಕಕ್ಕೆ. ಐದಾರು ಹಂದಿ ಇಟ್ಟುಕೊಂಡ ಮುದುಕಿಗೆ ಅದರ ಅರ್ಜಿ ಫಾರಮ್ಮೂ ಎಟುಕುವುದಿಲ್ಲ. ಹತ್ತು ಮನೆಗಳನ್ನು ಸೇರಿಸಿ ಸಂಘ ಮಾಡಿಸಿ, ಪಶುಪಾಲನಾ ಇಲಾಖೆಯೇ ಅರ್ಜಿ ಬರೆಸಬೇಕು. ಸೇಡಂ, ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಶೇ 2 ಭಾಗವನ್ನು ಸಾಮಾಜಿಕ ಕೆಲಸಕ್ಕೆ ಕೊಡುವ ಹೊಣೆಯಿದೆ. ಶಾಲೆಯ ಬಣ್ಣ, ಬಸ್ ನಿಲ್ದಾಣದ ಬೋರ್ಡಿನ ಜೊತೆಗೆ ಈ ಗೂಡುಗಳ ನೆಲವೂ ಆ ಪಟ್ಟಿಗೆ ಸೇರಲಿ ಎಂದು ಕೇಳುವ ಧೈರ್ಯ ಪುರಸಭೆಗಳಿಗೆ ಬರಬೇಕು.

ಬಜೆಟ್ಟಿನ ಪೂರ್ವಭಾವಿ ಸಭೆಗಳಿಗೆ ವ್ಯಾಪಾರಿಗಳನ್ನು, ಬಡಾವಣೆಯ ಪ್ರಮುಖರನ್ನು ಕರೆಯುವಂತೆ ಹಂದಿ ಸಾಕುವವರನ್ನೂ ಕರೆದು ಕುರ್ಚಿ ಕೊಡಿ. ಯಾವ ಓಣಿಯಲ್ಲಿ ಯಾರ ಹಂದಿ ಎಷ್ಟು, ಒಂದಕ್ಕೆ ಎಷ್ಟು ಅಡಿ ಜಾಗ ಸಾಕು, ಬೇಸಿಗೆಯಲ್ಲಿ ನೀರು ಎಷ್ಟು ಬೇಕು, ಯಾವ ಸರ್ವೆ ನಂಬರಿನ ಖಾಲಿ ಜಾಗ ಸೊಳ್ಳೆಗೂ ವಸತಿಗೂ ದೂರ ಇದೆ, ಈ ಲೆಕ್ಕವನ್ನು ಅವರು ನಿಂತ ಕಾಲಲ್ಲಿ ಹೇಳುತ್ತಾರೆ.